ಚೆನ್ನೆಮಣೆಯ ಲೆಕ್ಕ

ಆಟಿ ತಿಂಗಳ ಮಳೆಗೆ ಗದ್ದೆಯ ಕೆಲಸ ತಗ್ಗಿದಾಗ ಬಂಟ್ವಾಳ, ಬೆಳ್ತಂಗಡಿ ಸೀಮೆಯ ಮನೆಗಳಲ್ಲಿ ಚೆನ್ನೆಮಣೆಯು ಅಟ್ಟದಿಂದಿಳಿದು ಚಾವಡಿಗೆ ಬರುತ್ತಿದ್ದಿತು. ಬೇರೆ ತಿಂಗಳುಗಳಲ್ಲಿ ಅದನ್ನು ಆಡುವುದು ನಿಷಿದ್ಧವೆಂಬ ನಂಬಿಕೆ ಬಲವಾಗಿದ್ದಿತು. ಈ ಭಯಕ್ಕೆ ಸಿರಿ ಪಾಡ್ದನದ ಕಥೆಯೂ ಹೊಂದಿಕೊಂಡಿದೆ. ಸಿರಿಯ ಮೊಮ್ಮಕ್ಕಳಾದ ಅಬ್ಬಗ, ದಾರಗರೆಂಬ ಅವಳಿಗಳು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಮಣೆಯ ಏಟಿನಿಂದ ಒಬ್ಬಳೂ ಬಾವಿಗೆ ಹಾರಿ ಇನ್ನೊಬ್ಬಳೂ ಮಡಿದರು. ಉಜಿರೆಯ ಸಮೀಪದ ಮಾಚಾರು ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ.

ಸೋಲನ್ನು ಸಹಿಸುವ ಪಾಠ ಇಷ್ಟು ಕಠೋರವಾಗಿ ಹೇಳಲ್ಪಟ್ಟಿರುವಾಗ, ಅದೇ ಮಣೆಯ ಗಣಿತದ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳಿದಂತಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಣೆಯಲ್ಲಿ ಗುಳಿಗಳು 14, ಗುಳಿಗೆ 4ರಂತೆ ಕಾಳುಗಳು 56. ಒಂದು ಗುಳಿಯ ಕಾಳನ್ನೆತ್ತಿ ಮುಂದಿನವುಗಳಲ್ಲಿ ಒಂದೊಂದಾಗಿ ಬಿತ್ತಬೇಕು. ಕೈ ಬರಿದಾದಾಗ ಅದರಾಚೆಯ ಗುಳಿಯನ್ನೆತ್ತಿ ಮುಂದುವರಿಯಬೇಕು. ಆ ಗುಳಿ ಬರಿದಾಗಿದ್ದರೆ ಅದರ ಮುಂದಿನದು ಆಡಿದವರ ಪಾಲು. ಹೊಸ ಮಣೆಯಲ್ಲಿ ಮೊದಲ ಗುಳಿಯಿಂದ ಹೊರಟವರು ಏಳು ಸಲ ಎತ್ತಿ 28 ಕಾಳುಗಳನ್ನು ಬಿತ್ತಿದ ಮೇಲೆ, ಎಂಟನೆಯದು ಬರಿದಾಗಿರುವುದನ್ನು ಕಂಡು ಒಂಬತ್ತನೆಯ ಗುಳಿಯ 6 ಕಾಳುಗಳನ್ನು ಗೆಲ್ಲುತ್ತಾರೆ. ವಾಚಕರು ಕಾಗದದ ಮೇಲೆ ಗುಳಿ ಬರೆದು ನೋಡಬಹುದು! ಮಣೆಯನ್ನು ಮುಟ್ಟದೆಯೇ ಇದನ್ನು ಮೊದಲೇ ಕಾಣಬೇಕಾದರೆ, ದಾಟುತ್ತ ಹೋದಂತೆ ಹೆಚ್ಚಿದ ಪ್ರತಿಯೊಂದು ಗುಳಿಯ ಲೆಕ್ಕವೂ ಮನಸ್ಸಿನಲ್ಲಿ ನಿಲ್ಲಬೇಕು. ಎಣಿಕೆ ತಪ್ಪಿದರೆ ಗುರುವಿನ ಗದರಿಕೆ ಬೇಕಿಲ್ಲ. ಬರಿಗುಳಿಯೇ ಒಡನೆ ತಿಳಿಸುತ್ತದೆ.

ಅಮೆರಿಕದಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಎಂಬ ಮನಃಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನೆನೆಯಬಹುದು. 1ರಿಂದ 10ರವರೆಗೆ ಸಾಲಾಗಿ ಅಂಕಿಗಳಿದ್ದ ಹಲಗೆಯ ಮೇಲೆ, ಅಂಕಿಯನ್ನು ಹೇಳುತ್ತ ಕಾಯಿ ನಡೆಸಿದ ಬಡಮಕ್ಕಳ ಸಂಖ್ಯಾಜ್ಞಾನ ಹೆಚ್ಚಿತು; ಅಂಕಿಗೆ ಬದಲು ಬಣ್ಣಗಳಿದ್ದ ಹಲಗೆಯಲ್ಲಿ ಆಡಿದವರಿಗೆ ಆ ಲಾಭ ದೊರೆಯಲಿಲ್ಲ. ಕಲಿಸಿದ್ದು ಆಟದ ಮೋಜಲ್ಲ, ನಡೆಯೊಳಗಿನ ಎಣಿಕೆ ಎಂಬುದು ಸ್ಪಷ್ಟ.

ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರವು ತುಳುವರ ಮನೆಬಳಕೆಯ ಹಳೆಯ ವಸ್ತುಗಳನ್ನು ಕಾಪಾಡುತ್ತಿದೆ. ವಸ್ತುಗಳು ಹೀಗೆ ಉಳಿದಾವು. ಆದರೆ ಚೆನ್ನೆಯ ಜಾತಿಯ ಆಟಗಳು ಈಗ ಫೋನಿಗೂ ಬಂದಿವೆ. ಅಲ್ಲಿ ಮಗುವು ಗುಳಿಯ ಚಿತ್ರವನ್ನು ಮುಟ್ಟಿದರೆ ಸಾಕು. ಕಾಳುಗಳು ತಾವಾಗಿಯೇ ಹಂಚಿಹೋಗುತ್ತವೆ, ಎಷ್ಟಿವೆಯೆಂಬ ಅಂಕಿಯನ್ನೂ ಯಂತ್ರವೇ ಬರೆದು ತೋರಿಸುತ್ತದೆ. ಮಗುವಿನ ಕೈಯಿಂದ ಹೋದದ್ದು ಎಣಿಕೆಯ ಕೆಲಸವೇ.