ಬಾಯಿಬಿಟ್ಟ ಮಂಚ, ಉಳಿದುಬಂದ ಮರಳು: ಎರಡು ಅಪರಾಧ ಕಥನಗಳು

ನೆನಪು ಮತ್ತು ವಂಚನೆಯನ್ನೇ ಬಂಡವಾಳ ಮಾಡಿಕೊಂಡ ಅಪರಾಧ ಚಿತ್ರಗಳಲ್ಲಿ ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಮನುಷ್ಯರು. ಕುರೊಸಾವಾ ಅವರ ‘ರಾಶೋಮನ್’ (1950), ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಎರಡರಲ್ಲೂ ನಡೆದದ್ದನ್ನು ಹಲವರು ತಮತಮಗೆ ಕಂಡ ಹಾಗೆ ಹೇಳುತ್ತಾರೆ. ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳ ಎರಡು ಕಥನಗಳಲ್ಲಿ ಆ ಕೆಲಸ ವಸ್ತುಗಳ ಪಾಲಿಗೆ ಬಂದಿದೆ. ಹಾಗೇಕಾಯಿತು ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಮೊದಲನೆಯದು, ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಯನ್ನು ಅದರ ಆಡುನುಡಿಗಾಗಿ ಮೆಚ್ಚಿದವರು ಬಹಳ. ಅದರ ನಡುವೆ ಒಂದು ಕೊಲೆಯಿದೆ. ಮೇಲುಜಾತಿಯ ಕುಸುಮಳ ಜೊತೆ ಪ್ರೀತಿ ಬೆಳೆಸಿದ ದಲಿತ ಯುವಕ ಚೆನ್ನ ಹತನಾಗುತ್ತಾನೆ. ಮನೆಯವರು ಅವನು ಬೊಂಬಾಯಿಯಲ್ಲಿದ್ದಾನೆಂದು ನಂಬಿರುತ್ತಾರೆ. ಥ್ರಿಲ್ಲರ್ ಚಿತ್ರ ನಿಜವನ್ನು ಪ್ರೇಕ್ಷಕನಿಂದ ಬಚ್ಚಿಡುತ್ತದೆ. ಇಲ್ಲಿ ಓದುಗನಿಗೆ ನಿಜ ಗೊತ್ತು, ಕಾಯುತ್ತಿರುವವರಿಗೆ ಗೊತ್ತಿಲ್ಲ. ಹಾಗಾಗಿ ಕುತೂಹಲಕ್ಕಿಂತ ಸಂಕಟವೇ ಓದಿಸಿಕೊಂಡು ಹೋಗುತ್ತದೆ. ರಾತ್ರಿ ದೀಪ ಆರಿದ ಮೇಲೆ ಮನೆಮನೆಯ ದೀಪಗಳ ಆತ್ಮಗಳಾದ ಜೋತಮ್ಮಂದಿರು ಸೇರಿ ಸುಖದುಃಖ ಹೇಳಿಕೊಳ್ಳುತ್ತಾರೆ, ಮಂಚವೂ ಬಾಯಿಬಿಡುತ್ತದೆ. ಊರು ನುಂಗಿಕೊಂಡದ್ದನ್ನು ಮನೆಯ ವಸ್ತುಗಳು ಆಡುತ್ತವೆ.

ಇದೇ ಲೇಖಕರ ‘ಒಡಲಾಳ’ವನ್ನು ಪಕ್ಕದಲ್ಲಿಟ್ಟರೆ ಇನ್ನೊಂದು ಮುಖ ಕಾಣುತ್ತದೆ. ಸಾಹುಕಾರ ಎತ್ತಪ್ಪನ ಕಡಲೆಕಾಯಿ ಕಳುವಾದಾಗ ಪೊಲೀಸರು ಸಾಕವ್ವನ ಗುಡಿಸಲನ್ನು ಜಾಲಾಡುತ್ತಾರೆ. ಹಸಿದ ಮನೆಯವರು ರಾತ್ರಿಯೇ ಕಾಯಿ ತಿಂದು ಸಿಪ್ಪೆಯನ್ನು ಬೆಂಕಿಗೆ ಹಾಕಿಯಾಗಿರುತ್ತದೆ. ಕಡಲೆಕಾಯಿಗೆ ತನಿಖೆಯುಂಟು; ಚೆನ್ನನ ಜೀವಕ್ಕೆ ಇಲ್ಲ. ಬಡವರ ಸುಳ್ಳು ಹೊಟ್ಟೆಪಾಡಿನದು, ಉಳ್ಳವರ ಸುಳ್ಳು ಹೆಣ ಮುಚ್ಚುವಂಥದು.

ಎರಡನೆಯದು, ತಿ.ನರಸೀಪುರ ತಾಲ್ಲೂಕಿನ ತಲಕಾಡಿನ ಐತಿಹ್ಯ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಮಡದಿ ಅಲಮೇಲಮ್ಮ, ಒಡವೆಗಾಗಿ ಬೆನ್ನುಹತ್ತಿದವರಿಗೆ ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ’ ಎಂದು ಶಾಪ ಹಾಕಿ ಮಾಲಂಗಿಯಲ್ಲಿ ಕಾವೇರಿಗೆ ಬಿದ್ದಳೆಂದು ಜನ ಹೇಳುತ್ತಾರೆ. ತಲಕಾಡಿನ ಗುಡಿಗಳನ್ನು ಮುಚ್ಚಿದ ಮರಳಿಗೆ ಸಂಶೋಧಕರು ಕೊಡುವ ಕಾರಣ ಬೇರೆ: ಹೊಳೆಯ ಮೇಲ್ಭಾಗದ ಮಾಧವಮಂತ್ರಿ ಕಟ್ಟೆಯಿಂದ ನದಿಪಾತ್ರದ ಮರಳು ಬಯಲಿಗೆ ಬಿತ್ತು, ಗಾಳಿ ಅದನ್ನು ಊರ ಮೇಲೆ ಹೊತ್ತು ತಂದಿತು.

ಕಾರಣದ ವಿಷಯದಲ್ಲಿ ಜನರ ನೆನಪು ತಪ್ಪಿರಬಹುದು. ಒಬ್ಬ ಹೆಣ್ಣಿಗೆ ಅನ್ಯಾಯವಾಯಿತೆಂಬ ತೀರ್ಪನ್ನು ಮಾತ್ರ ಅದು ಬಿಟ್ಟುಕೊಟ್ಟಿಲ್ಲ. ಶಾಪಕ್ಕೆ ಗುರಿಯಾದ ಅರಮನೆಯೇ ಅಲಮೇಲಮ್ಮನಿಗೆ ಪೂಜೆ ಸಲ್ಲಿಸುತ್ತ ಬಂದಿದೆ.

ಎರಡು ಕಥನಗಳಿಗೂ ಕಾಲ, ಜಾತಿ, ಅಂತಸ್ತು ಯಾವುದರಲ್ಲೂ ಹೋಲಿಕೆಯಿಲ್ಲ. ಆದರೂ ಬಲವುಳ್ಳವರ ತಪ್ಪನ್ನು ಎದುರಿಗೆ ನಿಂತು ಹೇಳಲಾಗದ ಕಡೆ ಮಂಚ, ದೀಪ, ಮರಳು, ಮಡುಗಳಿಗೆ ಸಾಕ್ಷಿಯ ಹೊಣೆ ಬಿದ್ದಿದೆ. ಈ ಸೀಮೆಯಲ್ಲಿ ಅಪರಾಧ ಚಿತ್ರ ಮಾಡಹೊರಟವರು ಕೊಂದವರಾರೆಂದು ಹುಡುಕುವ ಮೊದಲು, ಗೊತ್ತಿದ್ದವರು ಏಕೆ ಸುಮ್ಮನಾದರೆಂದು ಕೇಳಲಿ.