ಬೃಹತ್ಕಥೆಯನ್ನು ಉಳಿಸಿದ ರಸಿಕರು

ಒಳ್ಳೆಯ ಕಥೆಯನ್ನು ಕೇಳಿದವನು ಅದನ್ನು ತನ್ನಲ್ಲಿಯೇ ಅಡಗಿಸಿಟ್ಟುಕೊಂಡಿರಲಾರನು. ಈ ಲೋಕಸ್ವಭಾವವನ್ನೇ ಬೀಜವಾಗಿ ಉಳ್ಳ ಒಂದು ಕಥೆಯು ಭಾರತೀಯ ವಾಙ್ಮಯದಲ್ಲಿ ಪ್ರಸಿದ್ಧವಾಗಿದೆ. ಅದುವರೆಗೆ ಯಾರೂ ಕೇಳದ ಕಥೆಯನ್ನು ಹೇಳಬೇಕೆಂದು ಪಾರ್ವತಿಯು ಬೇಡಲು, ಪರಶಿವನು ನಂದಿಯನ್ನು ಬಾಗಿಲಿಗೆ ಕಾವಲಿಟ್ಟು ವಿದ್ಯಾಧರರ ವೃತ್ತಾಂತವನ್ನು ಏಕಾಂತದಲ್ಲಿ ಹೇಳಿದನು. ಪುಷ್ಪದಂತನೆಂಬ ಗಣನು ಯೋಗಬಲದಿಂದ ಒಳಹೊಕ್ಕು ಅದೆಲ್ಲವನ್ನೂ ಕೇಳಿ, ಮನೆಗೆ ಹೋಗಿ ಹೆಂಡತಿಯಾದ ಜಯೆಗೆ ಹೇಳಿದನು. ಜಯೆಯು ಹೋಗಿ ಪಾರ್ವತಿಯ ಮುಂದೆಯೇ ಅದನ್ನು ಹೇಳಿದಳು! ದೇವಿಯು ಕೋಪಗೊಂಡು ಪುಷ್ಪದಂತನಿಗೂ, ಅವನ ಪರವಾಗಿ ಬೇಡಿಕೊಂಡ ಮಾಲ್ಯವಂತನಿಗೂ ಮನುಷ್ಯಜನ್ಮದ ಶಾಪವನ್ನಿತ್ತಳು. ಆ ಶಾಪಕ್ಕೆ ಗೊತ್ತಾದ ವಿಮೋಚನೆ ಯಾವುದು? ಅದೇ ಕಥೆಯನ್ನು ಮತ್ತೊಬ್ಬರಿಗೆ ಹೇಳುವುದು. ಹೇಳಿದ್ದೇ ಅಪರಾಧ, ಹೇಳುವುದೇ ಪ್ರಾಯಶ್ಚಿತ್ತ. ಆ ಮಾಲ್ಯವಂತನೇ ಭೂಲೋಕದಲ್ಲಿ ಗುಣಾಢ್ಯನಾಗಿ ಹುಟ್ಟಿದನೆಂದೂ, ಆ ಕಥೆಯೇ ಬೃಹತ್ಕಥೆಯೆಂದೂ ಕಥಾಸರಿತ್ಸಾಗರವು ಹೇಳುವುದು.

ಗುಣಾಢ್ಯನು ಸಾತವಾಹನ ರಾಜನ ಆಸ್ಥಾನದಲ್ಲಿದ್ದನು. ಜಲಕ್ರೀಡೆಯಲ್ಲಿ ನೀರೆರಚಬೇಡವೆಂದು ರಾಣಿಯೊಬ್ಬಳು ಸಂಸ್ಕೃತದಲ್ಲಿ ಹೇಳಿದ ಮಾತಿನ ಸಂಧಿಯನ್ನು ಬಿಡಿಸಲರಿಯದೆ, ಅರಸನು ಮೋದಕಗಳನ್ನು ತರಿಸಿ ನಗೆಗೀಡಾದನು. ಆ ನಾಚಿಕೆಯಿಂದ ವ್ಯಾಕರಣವನ್ನು ಕಲಿಯಬೇಕೆಂದು ಹಟತೊಟ್ಟ ಅವನಿಗೆ, ಆರು ವರ್ಷಗಳಲ್ಲಿ ಕಲಿಸುವೆನೆಂದು ಗುಣಾಢ್ಯನೂ, ಆರೇ ತಿಂಗಳಲ್ಲಿ ಕಲಿಸುವೆನೆಂದು ಶರ್ವವರ್ಮನೂ ಹೇಳಿದರು. ಅದು ಸಾಧ್ಯವಾದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಈ ಮೂರನ್ನೂ ತೊರೆಯುವೆನೆಂದು ಗುಣಾಢ್ಯನು ಪಣವಿಟ್ಟು, ಸೋತು, ಮೌನಿಯಾಗಿ ವಿಂಧ್ಯಾಟವಿಯನ್ನು ಸೇರಿದನು. ಅಲ್ಲಿ ಕಾಣಭೂತಿಯ ಬಾಯಿಂದ ದಿವ್ಯಕಥೆಯನ್ನು ಕೇಳಿ, ಉಳಿದಿದ್ದ ಪೈಶಾಚೀ ಭಾಷೆಯಲ್ಲಿ ಏಳು ಲಕ್ಷ ಗ್ರಂಥವನ್ನು ಮಸಿಯಿಲ್ಲದೆ ತನ್ನ ರಕ್ತದಿಂದಲೇ ಬರೆದನು. ಪಿಶಾಚಭಾಷೆಯ ಆ ಕೃತಿಯನ್ನು ಅರಸನು ತಿರಸ್ಕರಿಸಲು, ಕವಿಯು ಬೆಟ್ಟದ ಮೇಲೆ ಅಗ್ನಿಕುಂಡವನ್ನು ಮಾಡಿ, ಒಂದೊಂದೇ ಎಲೆಯನ್ನು ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕತೊಡಗಿದನು. ಮೃಗಗಳು ಮೇವನ್ನು ಮರೆತು ಕಣ್ಣೀರಿಡುತ್ತ ಕೇಳಿದುವು. ಅರಮನೆಗೆ ಬಂದ ಬೇಟೆಯ ಮಾಂಸವು ಒಣಗಿ ಸತ್ತ್ವಹೀನವಾದುದರ ಕಾರಣವನ್ನು ವಿಚಾರಿಸುತ್ತ ಅರಸನು ಅಲ್ಲಿಗೆ ಬರುವಷ್ಟರಲ್ಲಿ ಆರು ಲಕ್ಷವು ಬೂದಿಯಾಗಿತ್ತು. ಉಳಿದುದು ನರವಾಹನದತ್ತನ ಚರಿತೆಯಾದ ಒಂದು ಲಕ್ಷ ಮಾತ್ರ.

ಆ ಒಂದು ಲಕ್ಷವು ಅಕಸ್ಮಾತ್ತಾಗಿ ಉಳಿದುದಲ್ಲ. ಗುಣದೇವ, ನಂದಿದೇವರೆಂಬ ಶಿಷ್ಯರಿಬ್ಬರಿಗೂ ಆ ಭಾಗವು ಅತ್ಯಂತ ಪ್ರಿಯವಾಗಿತ್ತು. ಅವರಿಗಾಗಿಯೇ ಗುರುವು ಅದನ್ನು ಬೆಂಕಿಗೆ ಹಾಕದೆ ಇರಿಸಿದ್ದನು. ಈ ಐತಿಹ್ಯದಲ್ಲಿ ಎಷ್ಟು ಸತ್ಯವುಂಟೋ ನಿರ್ಣಯಿಸುವುದು ಅಸಾಧ್ಯ. ಆದರೆ ಬೃಹತ್ಕಥೆಯ ಮುಂದಿನ ಇತಿಹಾಸವೆಲ್ಲವೂ ಈ ಒಂದು ಸಂಗತಿಯ ವ್ಯಾಖ್ಯಾನದಂತಿದೆ. ಅರಸನ ಮನ್ನಣೆಯಿಂದ ಉಳಿಯದುದು ರಸಿಕರ ಪ್ರೀತಿಯಿಂದ ಉಳಿಯಿತು.

ಬೃಹತ್ಕಥೆಯ ಮೂಲಗ್ರಂಥವು ಎಲ್ಲಿಯೂ ದೊರೆತಿಲ್ಲ. ಆದರೂ ಒಂದು ಕಾಲದಲ್ಲಿ ಅದರ ಕೀರ್ತಿ ಅಸಾಧಾರಣವಾಗಿತ್ತು. ದಂಡಿಯು ಕಾವ್ಯಾದರ್ಶದಲ್ಲಿ ಅದನ್ನು ಭೂತಭಾಷೆಯ ಅದ್ಭುತಾರ್ಥಕಥೆಯೆಂದು ಸ್ಮರಿಸಿರುವನು. ಬಾಣನು ಹರ್ಷಚರಿತದ ಪೀಠಿಕೆಯಲ್ಲಿ ಹೊಗಳಿರುವನು. ದಶರೂಪಕಕಾರನಾದ ಧನಂಜಯನು ನಾಟಕಕವಿಗಳು ವಸ್ತುವಿಗಾಗಿ ನೋಡಬೇಕಾದ ಆಕರಗಳಲ್ಲಿ ರಾಮಾಯಣದ ಜೊತೆಗೆ ಇದನ್ನೂ ಎಣಿಸಿರುವನು. ಸಮುದ್ರದಾಚೆಯ ಕಾಂಬೋಜದೇಶದ ಶಾಸನದಲ್ಲಿಯೂ ಗುಣಾಢ್ಯನ ಹೆಸರು ಕಾಣುವುದು. ನರವಾಹನದತ್ತನ ತಂದೆಯಾದ ಉದಯನನ ಕಥೆಯಂತೂ ಪಂಡಿತರ ಸೊತ್ತಾಗಿ ಉಳಿಯಲಿಲ್ಲ. ಅವಂತೀದೇಶದ ಹಳ್ಳಿಗಳ ಮುದುಕರು ಅದನ್ನು ಹೇಳುವುದರಲ್ಲಿ ನಿಪುಣರೆಂದು ಕಾಳಿದಾಸನು ಮೇಘದೂತದಲ್ಲಿ ಸೂಚಿಸಿರುವನು. ಅವರು ಹೇಳುತ್ತಿದ್ದ ಆ ಕಥೆಯನ್ನೇ ಹರ್ಷನು ರತ್ನಾವಳಿಯಲ್ಲಿಯೂ ಪ್ರಿಯದರ್ಶಿಕೆಯಲ್ಲಿಯೂ ಹೊಸ ಹೊಸ ಪ್ರಸಂಗಗಳನ್ನು ಕಲ್ಪಿಸಿ ಬೆಳೆಸಿದನು. ಒಬ್ಬನ ಪಾತ್ರಗಳನ್ನು ಮತ್ತೊಬ್ಬನು ಎತ್ತಿಕೊಂಡು ನಡೆಯಿಸುವುದು ಆ ಕಾಲಕ್ಕೆ ಚೌರ್ಯವಲ್ಲ, ಗೌರವ.

ಈ ಗೌರವವನ್ನು ಸಲ್ಲಿಸಿದವರಲ್ಲಿ ಕನ್ನಡನಾಡಿನವರು ಹಿಂದೆ ಬಿದ್ದವರಲ್ಲ. ಆರನೆಯ ಶತಮಾನದ ಗಂಗರಾಜ ದುರ್ವಿನೀತನು ವಡ್ಡಕಥೆಯನ್ನು, ಎಂದರೆ ಬೃಹತ್ಕಥೆಯನ್ನು, ದೇವಭಾರತಿಗೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಸಾರುವುದು. ಕವಿರಾಜಮಾರ್ಗವು ಹೆಸರಿಸುವ ಹಳೆಯ ಕನ್ನಡ ಗದ್ಯಕಾರರಲ್ಲಿ ದುರ್ವಿನೀತನೂ ಒಬ್ಬನು. ಆ ದುರ್ವಿನೀತನು ಈ ಅರಸನೇ ಎಂದು ಅನೇಕ ವಿದ್ವಾಂಸರು ಊಹಿಸಿರುವರು. ಒಬ್ಬ ಅರಸನು ಪಿಶಾಚಭಾಷೆಯೆಂದು ತಳ್ಳಿದ ಕಥೆಯನ್ನು ಮತ್ತೊಬ್ಬ ಅರಸನು ತಾನೇ ಕುಳಿತು ಬರೆದನೆಂಬುದು ಎಷ್ಟು ಸೊಗಸಾದ ಪ್ರತೀಕಾರ! ಆದರೆ ಆ ಸಂಸ್ಕೃತ ವಡ್ಡಕಥೆಯ ಒಂದು ಎಲೆಯೂ ಸಿಕ್ಕಿಲ್ಲ.

ಚಾಲುಕ್ಯ ಜಗದೇಕಮಲ್ಲ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ೧೦೩೧ರಲ್ಲಿ ರಚಿಸಿದ ಪಂಚತಂತ್ರದ ವಿಷಯವೂ ವಿಚಾರಾರ್ಹವಾದುದು. ಲೋಕದಲ್ಲೆಲ್ಲ ಹರಡಿದ ವಿಷ್ಣುಶರ್ಮನ ಪಾಠವನ್ನು ಬಿಟ್ಟು, ವಸುಭಾಗಭಟ್ಟನೆಂಬವನ ಪಾಠವನ್ನು ಅವನು ಆರಿಸಿಕೊಂಡನು. ಗುಣಾಢ್ಯನ ಕಥೆಗಳಿಂದ ವಸುಭಾಗನು ಐದನ್ನು ಆಯ್ದು ಸಂಸ್ಕೃತದಲ್ಲಿ ಹೇಳಿದನೆಂದೂ, ಅದನ್ನು ತಾನು ಕನ್ನಡಿಸುವೆನೆಂದೂ ಪೀಠಿಕೆಯಲ್ಲಿ ತಿಳಿಸಿರುವನು. ವಸುಭಾಗನ ಸಂಸ್ಕೃತ ಗ್ರಂಥವು ಇಂದು ಲುಪ್ತವಾಗಿದೆ. ಜಾವಾದ್ವೀಪದ ತಂತ್ರಿಕಥೆಗಳು ಈ ಪಾಠಕ್ಕೆ ಸಮೀಪವಾದುವೆಂದು ಎ. ವೆಂಕಟಸುಬ್ಬಯ್ಯನವರು ತೋರಿಸಿಕೊಟ್ಟರು. ದುರ್ಗಸಿಂಹನೂ ಎಲ್ಲರಂತೆ ಪ್ರಸಿದ್ಧವಾದುದನ್ನೇ ಹಿಡಿದಿದ್ದರೆ ವಸುಭಾಗನ ಹೆಸರನ್ನು ಕನ್ನಡಿಗರು ಕೇಳುತ್ತಿರಲಿಲ್ಲ. ಬಾಣನ ಕಾದಂಬರಿಯ ಕಥೆಗೂ ಗುಣಾಢ್ಯನ ಭಂಡಾರದಲ್ಲಿಯೇ ಮೂಲವುಂಟು. ಬಾಣನು ಅದನ್ನು ಮುಗಿಸದೆ ಗತಿಸಲು ಅವನ ಮಗನು ಪೂರಯಿಸಿದನು. ಅದನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮನು ಕನ್ನಡದ ಚಂಪುವಾಗಿ ಮಾಡಿದನು. ಒಂದೇ ಕಥೆಯು ಹೀಗೆ ನಾಲ್ಕು ಕೈಗಳನ್ನು ದಾಟಿ ಕನ್ನಡಿಗರ ಮನೆಯನ್ನು ಸೇರಿತು.

ತಮಿಳಿನಲ್ಲಿ ಕೊಂಗುವೇಳಿರನು ಉದಯನನ ಚರಿತೆಯನ್ನು ಪೆರುಂಗದೈ ಎಂಬ ಕಾವ್ಯವಾಗಿ ಹಾಡಿದನು. ಅದರ ಮೊದಲೂ ಕೊನೆಯೂ ನಷ್ಟವಾಗಿದ್ದುವು. ಉಳಿದ ಭಾಗವನ್ನು ಉ. ವೇ. ಸ್ವಾಮಿನಾಥ ಅಯ್ಯರವರು ೧೯೨೪ರಲ್ಲಿ ಮುದ್ರಿಸಿದರು. ಸಂಘದಾಸಗಣಿಯೆಂಬ ಜೈನಯತಿಯು ಇನ್ನೂ ಧೈರ್ಯದ ಕೆಲಸವನ್ನು ಮಾಡಿದನು. ಅವನು ನರವಾಹನದತ್ತನನ್ನೇ ತೆಗೆದುಬಿಟ್ಟು, ಅವನ ಸ್ಥಾನದಲ್ಲಿ ಶ್ರೀಕೃಷ್ಣನ ತಂದೆಯಾದ ವಸುದೇವನನ್ನು ನಿಲ್ಲಿಸಿ, ದೇಶದೇಶಗಳನ್ನು ಸುತ್ತಿಸಿ, ಊರೂರಿನಲ್ಲಿ ಮದುವೆ ಮಾಡಿಸಿ, ವಸುದೇವಹಿಂಡಿಯೆಂಬ ಪ್ರಾಕೃತ ಗದ್ಯಗ್ರಂಥವನ್ನು ಬರೆದನು. ಹಿಂಡಿಯೆಂದರೆ ಸಂಚಾರ. ಕನ್ನಡದ ನೇಮಿಚಂದ್ರನು ಅರ್ಧನೇಮಿಯಲ್ಲಿ ವರ್ಣಿಸಿರುವ ವಸುದೇವನ ಸಾಹಸಗಳೂ ಜೈನರ ಈ ಕಥಾಪರಂಪರೆಗೆ ಸೇರಿದುವೇ.

ಕಾಶ್ಮೀರದಲ್ಲಿ ಹನ್ನೊಂದನೆಯ ಶತಮಾನದಲ್ಲಿ ಇಬ್ಬರು ಕವಿಗಳು ಈ ಕಥೆಯನ್ನು ಕೈಕೊಂಡರು. ಕ್ಷೇಮೇಂದ್ರನ ಬೃಹತ್ಕಥಾಮಂಜರಿಯು ಸುಮಾರು ೭,೫೦೦ ಶ್ಲೋಕಗಳ ಸಂಗ್ರಹ. ಅನಂತರಾಜನ ರಾಣಿಯಾದ ಸೂರ್ಯಮತಿಯ ಮನೋರಂಜನೆಗಾಗಿ ಸೋಮದೇವನು ರಚಿಸಿದ ಕಥಾಸರಿತ್ಸಾಗರವು ೧೮ ಲಂಬಕ, ೧೨೪ ತರಂಗ, ೨೧,೦೦೦ಕ್ಕೂ ಮೇಲ್ಪಟ್ಟ ಶ್ಲೋಕಗಳುಳ್ಳ ದೊಡ್ಡ ಗ್ರಂಥ. ತಾನು ಮೂಲವನ್ನು ಸ್ವಲ್ಪವೂ ಮೀರಿಲ್ಲವೆಂದೂ, ಹಿಗ್ಗಿದುದನ್ನು ಕುಗ್ಗಿಸಿ ಭಾಷೆಯನ್ನು ಬದಲಾಯಿಸಿದುದಷ್ಟೇ ತನ್ನ ಕೆಲಸವೆಂದೂ ಸೋಮದೇವನು ಆರಂಭದಲ್ಲಿಯೇ ಹೇಳಿಕೊಂಡಿರುವನು. ಬಹುಕಾಲ ವಿದ್ವಾಂಸರು ಆ ಮಾತನ್ನು ನಂಬಿ, ಸೋಮದೇವನನ್ನು ಓದಿದರೆ ಗುಣಾಢ್ಯನನ್ನು ಓದಿದಂತೆಯೇ ಎಂದು ಭಾವಿಸಿದ್ದರು.

ಆ ನಂಬಿಕೆಯು ಅಲುಗಿದುದು ೧೮೯೩ರಲ್ಲಿ. ನೇಪಾಳದಿಂದ ದೊರೆತ ಬುಧಸ್ವಾಮಿಯ ಬೃಹತ್ಕಥಾಶ್ಲೋಕಸಂಗ್ರಹವನ್ನು ಹರಪ್ರಸಾದ ಶಾಸ್ತ್ರಿಗಳು ಆ ವರ್ಷ ಬೆಳಕಿಗೆ ತಂದರು. ಅದರಲ್ಲಿ ೨೮ ಸರ್ಗಗಳು ಮಾತ್ರ ಉಳಿದಿದ್ದುವು. ಫ್ರಾನ್ಸಿನ ಫೆಲಿ ಲಾಕೋತ್ ಎಂಬ ಪಂಡಿತರು ಅದನ್ನು ಪರಿಷ್ಕರಿಸಿ ೧೯೦೮ರಿಂದ ಪ್ರಕಟಿಸತೊಡಗಿ, ಅದೇ ವರ್ಷ ಗುಣಾಢ್ಯನನ್ನು ಕುರಿತು ಒಂದು ವಿಸ್ತಾರವಾದ ಪ್ರಬಂಧವನ್ನೂ ಬರೆದರು. ಕಾಶ್ಮೀರದ ಪಾಠದಲ್ಲಿ ಹೊರಗಿನ ಕಥೆಗಳು ಬಹಳವಾಗಿ ಸೇರಿ ಮೂಲಸೂತ್ರವು ಕದಡಿಹೋಗಿದೆಯೆಂಬುದು ಅವರ ಸಿದ್ಧಾಂತ. ಪಾದ್ರಿ ತಬಾರ್ ಅವರು ಮಾಡಿದ ಈ ಪ್ರಬಂಧದ ಇಂಗ್ಲಿಷ್ ಅನುವಾದವು ಮಿಥಿಕ್ ಸೊಸೈಟಿಯ ಮೂಲಕ ೧೯೨೩ರಲ್ಲಿ ಬೆಂಗಳೂರಿನಿಂದಲೇ ಹೊರಬಂದಿತು.

ಎರಡು ಪಾಠಗಳಿಗೂ ಇರುವ ವ್ಯತ್ಯಾಸಕ್ಕೆ ಒಂದು ಉದಾಹರಣೆ ಸಾಕು. ನರವಾಹನದತ್ತನು ವೀಣೆಯನ್ನು ನುಡಿಸಿ ಗಂಧರ್ವದತ್ತೆಯನ್ನು ಗೆಲ್ಲುವನು. ಸೋಮದೇವನಲ್ಲಿ ಅವಳು ಗಂಧರ್ವರಾಜನ ಮಗಳು. ಪ್ರಸಂಗವು ಬೇಗನೆ ಮುಗಿಯುವುದು. ಬುಧಸ್ವಾಮಿಯಲ್ಲಿ ಅವಳು ಚಂಪಾನಗರದ ಸಾನುದಾಸನೆಂಬ ವರ್ತಕನ ಮನೆಯಲ್ಲಿ ಬೆಳೆದವಳು. ಸಾನುದಾಸನು ಗಣಿಕೆಯ ಮನೆಯಲ್ಲಿ ಪಿತ್ರಾರ್ಜಿತವನ್ನು ಕಳೆದುಕೊಂಡು, ಬಡತನಕ್ಕಿಳಿದ ತಾಯಿಯನ್ನು ಕಂಡು ನಾಚಿ, ಸುವರ್ಣಭೂಮಿಗೆ ಹೊರಡುವನು. ಒಂದು ಆಡು ಮಾತ್ರ ಹೋಗಬಲ್ಲ ಬೆಟ್ಟದ ಅಂಚಿನಲ್ಲಿ ಆಡನ್ನೇರಿ ನಡೆದು, ಆ ಆಡಿನ ತೊಗಲೊಳಗೆ ತನ್ನನ್ನು ಹೊಲಿಸಿಕೊಂಡು, ಮಾಂಸವೆಂದು ಭ್ರಮಿಸಿದ ಹಕ್ಕಿಗಳ ಕಾಲಿನಲ್ಲಿ ಆಕಾಶಮಾರ್ಗವಾಗಿ ಸಾಗುವನು. ತನ್ನನ್ನು ಹೊತ್ತು ದಾಟಿಸಿದ ಪ್ರಾಣಿಯ ವಧೆಗಾಗಿ ಅವನು ಪಡುವ ಸಂಕಟವು ಓದುವವರ ಮನಸ್ಸನ್ನು ಕಲಕುವುದು. ಈ ವರ್ತಕನ ಕಥೆಯು ಕಾಶ್ಮೀರದ ಗ್ರಂಥಗಳಲ್ಲಿ ಇಲ್ಲ. ಇದು ಬುಧಸ್ವಾಮಿಯ ಸ್ವಂತ ಕಲ್ಪನೆಯೇ ಆಗಿರಬಹುದೆಂಬ ಸಂದೇಹಕ್ಕೆ ಆಸ್ಪದವಿತ್ತು. ಆದರೆ ೧೯೩೦ರ ಸುಮಾರಿನಲ್ಲಿ ಭಾವನಗರದಲ್ಲಿ ಅಚ್ಚಾದ ವಸುದೇವಹಿಂಡಿಯಲ್ಲಿ ಅದೇ ವರ್ತಕನು ಚಾರುದತ್ತನೆಂಬ ಹೆಸರಿನಿಂದ ಅದೇ ಆಡಿನ ದಾರಿಯಲ್ಲಿ ನಡೆಯುವನು. ಜರ್ಮನಿಯ ಲುಡ್ವಿಗ್ ಆಲ್ಸ್‌ಡೋರ್ಫ್ ಅವರು ೧೯೩೫ರಲ್ಲಿ ಈ ಗ್ರಂಥವೂ ಬೃಹತ್ಕಥೆಯ ಒಂದು ರೂಪವೆಂದು ತೋರಿಸಿದರು. ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಂತಾಯಿತು. ನಾಯಕನನ್ನೇ ಬದಲಾಯಿಸಿದ ಯತಿಯು, ಮೂಲವನ್ನು ಮೀರಿಲ್ಲವೆಂದು ಪ್ರಮಾಣಮಾಡಿದ ಕವಿಗಿಂತ, ಈ ಕಥೆಯ ಮಟ್ಟಿಗೆ ಹೆಚ್ಚು ನಂಬಿಗಸ್ತನಾಗಿ ಕಂಡನು!

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಹೊಸ ರೂಪಗಳೇ ಮೂಲದ ನಾಶಕ್ಕೆ ಕಾರಣವಾದುವಲ್ಲವೇ? ಸುಲಭವಾದ ಸಂಸ್ಕೃತದಲ್ಲಿ ಕಥೆಯು ಸಿಕ್ಕಿದ ಮೇಲೆ ಕಠಿನವಾದ ಪೈಶಾಚಿಯ ಪ್ರತಿಯನ್ನು ಎತ್ತಿ ಬರೆಯುವವರು ಯಾರು? ಓಲೆಯ ಆಯುಸ್ಸು ಕೆಲವು ನೂರು ವರ್ಷ. ಅಷ್ಟರೊಳಗೆ ಮತ್ತೊಬ್ಬನು ಪ್ರತಿಮಾಡದಿದ್ದರೆ ಗ್ರಂಥವು ಹುಳುವಿನ ಪಾಲು. ಈ ಆಕ್ಷೇಪವನ್ನು ಪೂರ್ಣವಾಗಿ ತಳ್ಳಿಹಾಕಲಾಗದು. ಆದರೆ ದುರ್ವಿನೀತನ ಸಂಸ್ಕೃತವೂ, ವಸುಭಾಗನ ಸಂಸ್ಕೃತವೂ ಅದೇ ಗತಿಯನ್ನು ಹೊಂದಿದುವೆಂಬುದನ್ನು ಮರೆಯಬಾರದು. ಭಾಷೆಯ ಸುಲಭತೆಯೊಂದೇ ಗ್ರಂಥವನ್ನು ಕಾಯುವುದಿಲ್ಲ. ವಸುಭಾಗನು ಉಳಿದುದು ದುರ್ಗಸಿಂಹನ ಕನ್ನಡದಲ್ಲಿ. ದುರ್ವಿನೀತನನ್ನು ಹಾಗೆ ಎತ್ತಿಕೊಂಡವರಾರೂ ಕಾಣಬರಲಿಲ್ಲವಾದುದರಿಂದ ಶಾಸನದ ಒಂದು ವಿಶೇಷಣವಾಗಿ ಮಾತ್ರ ಅವನ ಕಥೆಯು ನಿಂತಿತು.

ಪ್ರಸಿದ್ಧ ಗ್ರಂಥಕ್ಕೆ ಓದುಗರು ತಾವಾಗಿ ಬರುವರು. ಅಪ್ರಸಿದ್ಧ ಗ್ರಂಥಕ್ಕೆ ಮಾತ್ರ ಒಬ್ಬ ಪುಷ್ಪದಂತನು ಬೇಕು. ಶಾಪಕ್ಕೂ ಅಂಜದೆ ಅದನ್ನು ಮನೆಗೆ ಹೋಗಿ ಹೇಳುವವನು ಬೇಕು. ಸಂಘದಾಸಗಣಿಯೂ ದುರ್ಗಸಿಂಹನೂ ಮಾಡಿದುದು ಆ ಕೆಲಸವನ್ನೇ. ನೇಪಾಳದ ಓಲೆಗಳನ್ನು ಬಿಚ್ಚಿ ನೋಡಿದವರು ಮಾಡಿದುದೂ ಅದನ್ನೇ. ಗುಣಾಢ್ಯನ ಅಗ್ನಿಕುಂಡದ ಪಕ್ಕದಲ್ಲಿ ಕುಳಿತಿದ್ದ ಶಿಷ್ಯರಿಬ್ಬರೂ ತಮಗೆ ಯಾವ ಕಥೆ ಪ್ರಿಯವೆಂಬುದನ್ನು ಗುರುವಿಗೆ ತಿಳಿಸದೆ ಸುಮ್ಮನಿದ್ದಿದ್ದರೆ, ಆ ಏಳನೆಯ ಲಕ್ಷವೂ ಬೂದಿಯಾಗಿ ಹೋಗುತ್ತಿತ್ತು.