ಸಆದತ್ ಮತ್ತು ಕೊನೆಯ ಹಾಸಿಗೆ

ಯುನಾನಿ ದವಾಖಾನೆಯ ಫಲಕವನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಯುನಾನಿ ಎಂದರೆ ಗ್ರೀಕರದು. ಅವರ ವೈದ್ಯ ಮಾತ್ರವಲ್ಲ, ನೀತಿಶಾಸ್ತ್ರವೂ ಅರಬ್ಬಿಯ ಮೂಲಕ ನಮ್ಮ ಹಿರಿಯರನ್ನು ತಲುಪಿತು. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನ ವಿದ್ವಾಂಸರು ಅರಿಸ್ಟಾಟಲನ (ಕ್ರಿ.ಪೂ. 384–322) ನೀತಿಗ್ರಂಥವನ್ನು ಅನುವಾದಿಸಿದರು. ಅವನ ‘ಯೂಡೈಮೋನಿಯಾ’ ಅರಬ್ಬಿಯಲ್ಲಿ ‘ಸಆದತ್’ ಆಯಿತು.

ಅದನ್ನು ಬರೀ ‘ಸುಖ’ ಎಂದರೆ ಅರ್ಥ ಕೆಡುತ್ತದೆ. ಅರಿಸ್ಟಾಟಲನಿಗೆ ಅದು ಸದ್ಗುಣದಿಂದ ಕೂಡಿದ ಕ್ರಿಯಾಶೀಲ ಬಾಳು. ಒಂದು ದಿನದ್ದಲ್ಲ, ಇಡೀ ಜೀವಮಾನದ ಲೆಕ್ಕ. ಸ್ನೇಹಿತರಿಲ್ಲದ ಬಾಳು ಪೂರ್ಣವಲ್ಲವೆಂದೂ ಅವನು ತಿಳಿದಿದ್ದ. ಅವನ ಗುರು ಪ್ಲೇಟೊ ಕಠಿಣ. ವಾಸಿಯಾಗದ ದೇಹವನ್ನು ಚಿಕಿತ್ಸೆಯಿಂದ ಎಳೆದಾಡಿಸಬಾರದು, ಅಂಥವನಿಂದ ರಾಜ್ಯಕ್ಕೂ ಉಪಯೋಗವಿಲ್ಲ ಎಂದ. ಈ ಕಾರಣವನ್ನು ನಾನಂತೂ ಒಪ್ಪಲಾರೆ.

ಈ ಹಳೆಯ ಚರ್ಚೆ ನಮ್ಮ ನಾಡಿನ ಹೆಣ್ಣುಮಗಳೊಬ್ಬಳ ಹಾಸಿಗೆಯ ಬಳಿಗೂ ಬಂತು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯೇ ಅವರ ಮೇಲೆ ಹಲ್ಲೆ ನಡೆಯಿತು. ಸರಪಳಿಯಿಂದ ಕುತ್ತಿಗೆ ಬಿಗಿದದ್ದರಿಂದ ಮೆದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೂ ಹಾಸಿಗೆ ಬಿಟ್ಟೇಳಲಿಲ್ಲ. ಲೇಖಕಿ ಪಿಂಕಿ ವಿರಾನಿ ಅವರಿಗೆ ಮುಕ್ತಿ ಕೋರಿ ಸುಪ್ರೀಂ ಕೋರ್ಟಿಗೆ ಹೋದರು. ಪ್ಲೇಟೊವಿನ ಅಳತೆಗೋಲಿನಲ್ಲಿ ಈ ಪ್ರಶ್ನೆ ಒಂದೇ ಕ್ಷಣದಲ್ಲಿ ತೀರುತ್ತಿತ್ತು. ಆದರೆ ದಶಕಗಳ ಕಾಲ ತಾವೇ ತಿನ್ನಿಸಿ, ಮೈ ತೊಳೆದ ದಾದಿಯರು ಆಕೆ ಬದುಕಲಿ ಎಂದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಾಲಯ ಅರುಣಾರ ನಿಜವಾದ ಆಪ್ತರು ಅವರೇ ಎಂದು ಪರಿಗಣಿಸಿ, ಅವರ ಮಾತಿಗೆ ಬೆಲೆ ಕೊಟ್ಟಿತು. ಇಲ್ಲಿ ಅರಿಸ್ಟಾಟಲನ ಸ್ನೇಹದ ಮಾತು ನೆನಪಾಗುತ್ತದೆ. ಬಾಳಿನ ಲೆಕ್ಕವನ್ನು ಹೊರಗಿನವರು ಉಪಯೋಗದ ತಕ್ಕಡಿಯಲ್ಲಿ ತೂಗಲಾಗದು.

ಜೀವ ಅಲ್ಲಾಹನ ಅಮಾನತ್ತು. ಅದನ್ನು ತೆಗೆಯುವ ಹಕ್ಕು ನಮಗಿಲ್ಲ. ಆದರೆ ಮೆದುಳು ಸಂಪೂರ್ಣ ನಿಂತು, ಮರಳುವುದಿಲ್ಲವೆಂದು ತಜ್ಞ ವೈದ್ಯರು ನಿರ್ಧರಿಸಿದಾಗ ಉಸಿರಾಟದ ಯಂತ್ರವನ್ನು ತೆಗೆಯಬಹುದೆಂದು 1986ರಲ್ಲಿ ಅಮ್ಮಾನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಖ್ಹ್ ಅಕಾಡೆಮಿ ಹೇಳಿತು. ಅರುಣಾರ ಸ್ಥಿತಿ ಇದಲ್ಲ. ಅವರು ತಾವೇ ಉಸಿರಾಡುತ್ತಿದ್ದರು.

ಸುಪ್ರೀಂ ಕೋರ್ಟಿನ 2018ರ ತೀರ್ಪನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಇದಕ್ಕಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದರು. ಮಾರಕ ಚುಚ್ಚುಮದ್ದಿಗೆ ಇದರಲ್ಲಿ ಅವಕಾಶವಿಲ್ಲ. ಫಲ ಕೊಡದ ಚಿಕಿತ್ಸೆಯನ್ನು ನಿಲ್ಲಿಸುವುದಷ್ಟೇ. ಎರಡು ವೈದ್ಯ ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ವಯಸ್ಕರಾದ ನೀವು ಬುದ್ಧಿ ಸ್ವಾಧೀನದಲ್ಲಿರುವಾಗಲೇ ನಿಮ್ಮ ಇಚ್ಛೆ ಬರೆದಿಡಬಹುದು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಬೇಕಾದ ಆ ಪತ್ರದಲ್ಲಿ, ನಿಮಗೆ ಮಾತು ನಿಂತಾಗ ನಿಮ್ಮ ಪರವಾಗಿ ಮಾತನಾಡುವವರ ಹೆಸರುಗಳನ್ನು ನೀವೇ ತುಂಬಬೇಕು.